ನೀರಿಲ್ಲದ ಊರಿನಲ್ಲಿ ಹುಟ್ಟು ಹಾಕಿದ್ದು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರಿಂದ ಪತ್ರ ಬಂದಾಗ ನಾನು ಮೊದಲು ಹಿಂಜರಿದೆ. ಮೂವತ್ತೈದು ವರ್ಷ ಸೀಟಿ ಊದಿ ಬದುಕಿದವನಿಗೆ ಲೇಖನಿಯ ಅಭ್ಯಾಸ ಕಡಿಮೆ. ಭಾಷಾ ಪಂಡಿತರೂ ವಿಜ್ಞಾನದ ಉಪಾಧ್ಯಾಯರೂ ಬರೆಯುವ ಪುಟಗಳಲ್ಲಿ ಡ್ರಿಲ್ ಮೇಷ್ಟ್ರಿಗೇನು ಕೆಲಸವೆಂದು ಕೇಳುವವರು ಇಂದಿಗೂ ಇದ್ದಾರೆ. ಆದರೆ ನನ್ನ ಬಳಿಯೂ ಒಂದು ಬರಹವಿದೆ. ೧೯೭೮ರಲ್ಲಿ ನಮ್ಮ ಸಂಸ್ಥೆಯ ಸೇವೆಗೆ ಸೇರಿದಂದಿನಿಂದ ಬರೆದುಕೊಂಡು ಬಂದ, ರಟ್ಟಿನ ಹೊದಿಕೆಯ ನಾಲ್ಕು ಲೆಕ್ಕದ ಪುಸ್ತಕಗಳವು. ಅವುಗಳಲ್ಲಿ ವಾಕ್ಯಗಳಿಲ್ಲ, ದಿನಾಂಕ, ದೂರ, ತೆಗೆದುಕೊಂಡ ಕಾಲ, ಇಷ್ಟೇ. ಎಲ್ಲವೂ ನನ್ನ ಸ್ವಂತ ದೇಹದ ಲೆಕ್ಕ. ಆ ನಾಲ್ಕು ಪುಸ್ತಕಗಳಲ್ಲಿ ಒಂದೇ ಒಂದು ಸುಳ್ಳು ಸೇರಿಕೊಂಡಿದೆ. ಅದನ್ನು ಇಲ್ಲಿ ಹೇಳಿಕೊಳ್ಳಬಹುದೆಂದು ತೋರಿದ್ದರಿಂದಲೇ ಈ ಲೇಖನಕ್ಕೆ ಒಪ್ಪಿದೆ.

ನಾನು ಹುಟ್ಟಿದ್ದು ೧೯೫೩ರಲ್ಲಿ, ಹೊನ್ನಾಳಿ ತಾಲ್ಲೂಕಿನ ನದೀತೀರದ ಒಂದು ಸಣ್ಣ ಗ್ರಾಮದಲ್ಲಿ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಉತ್ತರಕ್ಕೆ ಹರಿದುಬರುವ ಹೊಳೆ ನಮ್ಮ ಮನೆಗೂ ನಮ್ಮ ಹೊಲಕ್ಕೂ ನಡುವೆ ಇತ್ತು. ಮನೆ ಈಚೆ ದಡದಲ್ಲಿ, ಹೊಲ ಆಚೆ ದಡದಲ್ಲಿ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದಾಗಿದ್ದ ಹೊಳೆಯನ್ನು ಮಳೆಗಾಲದಲ್ಲಿ ಹರಿಗೋಲಿಲ್ಲದೆ ದಾಟುವಂತಿರಲಿಲ್ಲ. ಬಿದಿರಿನ ದಬ್ಬೆ ಹೆಣೆದು ಚಕ್ಕಳ ಹೊದಿಸಿದ ಆ ದುಂಡನೆಯ ಬುಟ್ಟಿ ಮುಂದೆ ಹೋಗುವುದಕ್ಕಿಂತ ಗಿರಕಿ ಹೊಡೆಯುವುದೇ ಹೆಚ್ಚು. ಅದನ್ನು ನೇರವಾಗಿ ನಡೆಸುವುದೊಂದು ವಿದ್ಯೆ. ಅಂಬಿಗರ ಅಜ್ಜನೊಬ್ಬರು ನನ್ನ ಕೈಗೆ ಹುಟ್ಟು ಕೊಟ್ಟು ಅದನ್ನು ಕಲಿಸಿದರು. ಅವರ ಬಳಿ ಗಡಿಯಾರವಿರಲಿಲ್ಲ. ದಡ ಬಿಡುವಾಗ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವರು. ಆಚೆ ದಡ ಮುಟ್ಟಿ ಉಗುಳಿದಾಗ ಅದು ಎಷ್ಟು ಕೆಂಪಾಗಿದೆಯೆಂದು ನೋಡಿ, ಆ ದಿನದ ದಾಟು ಬೇಗವಾಯಿತೋ ತಡವಾಯಿತೋ ಹೇಳುವರು. "ಇವತ್ತು ಇನ್ನಾ ಸರಿಯಾಗಿ ಕೆಂಪಾಗಿಲ್ಲಲ್ಲೋ ತಮ್ಮಾ, ಬಿರುಸಾಗಿ ಹಾಕಿದಿ" ಎಂದು ಅವರು ಒಂದು ದಿನ ಹೇಳಿದರು. ಪುಸ್ತಕದಲ್ಲಿ ಬರೆಯದೆ ಉಳಿದ ನನ್ನ ಮೊದಲ ದಾಖಲೆ ಅದು.

ಮುಂದೆ ವ್ಯಾಯಾಮ ಶಿಕ್ಷಣದ ತರಬೇತಿ ಮುಗಿಸಿ, ಚನ್ನಗಿರಿ, ನ್ಯಾಮತಿ, ಹೊನ್ನಾಳಿ, ಕೊನೆಗೆ ಜಗಳೂರು ಹೀಗೆ ವರ್ಗವಾದಲ್ಲೆಲ್ಲ ಪುಸ್ತಕವೂ ಜೊತೆಗೆ ಬಂದಿತು. ಚನ್ನಗಿರಿಯಲ್ಲಿ ಬೆಳಗಿನ ಜಾವ ಕೋಟೆಯ ಗುಡ್ಡವನ್ನು ಬುಡದಿಂದ ರಂಗನಾಥನ ಗುಡಿಯವರೆಗೆ ಹತ್ತುವ ಕಾಲ. ಭಾನುವಾರಗಳಂದು ಸೈಕಲ್ಲಿನಲ್ಲಿ ಸೂಳೆಕೆರೆಗೆ ಹೋಗಿ ಬರುವ ಕಾಲ. ಎರಡು ಗುಡ್ಡಗಳ ನಡುವಿನ ಕಣಿವೆಯನ್ನು ಮುಚ್ಚಿ ಅಷ್ಟು ದೊಡ್ಡ ಜಲರಾಶಿಯನ್ನು ಹಿಡಿದು ನಿಲ್ಲಿಸಿರುವ ಆ ಏರಿ ಉದ್ದದಲ್ಲಿ ಹೆಚ್ಚಿನದೇನಲ್ಲ, ದಪ್ಪದಲ್ಲಿ ಮಾತ್ರ ಅಸಾಧಾರಣ. ಅದರ ಮೇಲೆ ನಿಂತು ನಾಡಿ ಎಣಿಸಿಕೊಂಡು ಹಿಂದಿರುಗುತ್ತಿದ್ದೆ. ಆಗ ಈ ಊರುಗಳೆಲ್ಲ ಒಂದೇ ಜಿಲ್ಲೆಯಲ್ಲಿರಲಿಲ್ಲ. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ, ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ನನ್ನ ಸೇವೆಯ ಊರುಗಳೆಲ್ಲ ಒಂದೇ ನಕಾಶೆಯೊಳಗೆ ಬಂದುವು. ನ್ಯಾಮತಿ ತಾಲ್ಲೂಕಾದದ್ದು ನಾನು ನಿವೃತ್ತನಾದ ಮೇಲೆ.

ಕಾಲದ ವಿಷಯದಲ್ಲಿ ನಾನು ನಿಷ್ಠುರನೆಂದು ಹೆಸರಾಗಿದ್ದೆ. ಕೈಗಡಿಯಾರದಿಂದ ಓಟದ ಕಾಲ ಹಿಡಿಯುವಾಗ ಮೂವರು ಕಾಲಮಾಪಕರಿರಬೇಕು; ಎರಡು ಗಡಿಯಾರಗಳು ಒಂದೇ ಕಾಲ ತೋರಿಸಿದರೆ ಅದೇ ನಿಶ್ಚಯ, ಮೂರೂ ಬೇರೆಯಾದರೆ ನಡುವಿನದು ನಿಶ್ಚಯ. ಮನುಷ್ಯನ ಬೆರಳು ಗುಂಡಿನ ಹೊಗೆಗೆ ತಡವಾಗಿ ಓಗೊಡುವುದರಿಂದ, ವಿದ್ಯುತ್ ಗಡಿಯಾರದ ಕಾಲದೊಡನೆ ಹೋಲಿಸುವಾಗ ನೂರು ಮೀಟರಿನ ಓಟಕ್ಕೆ ೦.೨೪ ಸೆಕೆಂಡು ಕೂಡಿಸಬೇಕೆಂಬ ನಿಯಮವೂ ಉಂಟು. ೧೯೮೪ರಲ್ಲಿ ನ್ಯಾಮತಿಯ ಮೈದಾನದಲ್ಲಿ ೮೦೦ ಮೀಟರ್ ಓಡಿದ ಹುಡುಗನೊಬ್ಬ ಶಾಲೆಯ ದಾಖಲೆಯನ್ನು ಮುರಿದ. ಆದರೆ ಮಿಕ್ಕ ಇಬ್ಬರು ಗಡಿಯಾರವನ್ನು ಸರಿಯಾಗಿ ಒತ್ತಿರಲಿಲ್ಲ. ಓಡಿದ್ದು ನನ್ನದೊಂದೇ ಗಡಿಯಾರ. ನಾನು ದಾಖಲೆ ಬರೆಯಲಿಲ್ಲ. ಹುಡುಗ ಬೇವಿನ ಮರದ ಬುಡದಲ್ಲಿ ಕುಳಿತು ಅತ್ತ. ಮುಖ್ಯೋಪಾಧ್ಯಾಯರು, "ಬರೆದುಬಿಡಿ ಮೇಷ್ಟ್ರೇ, ಯಾರ ಗಂಟು ಹೋಗುತ್ತದೆ" ಎಂದರು. ಬರೆಯಲಿಲ್ಲ. ಅಂದು ಮಾಡಿದ್ದು ಸರಿಯೆಂದೇ ಬಹಳ ಕಾಲ ಎಣಿಸಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ.

೨೦೧೩ರಲ್ಲಿ ನಿವೃತ್ತನಾಗಿ, ಪತ್ನಿಯ ತವರಾದ ಜಗಳೂರಿನಲ್ಲೇ ನೆಲೆಸಿದೆ. ೨೦೧೬ರಲ್ಲಿ ಅಲ್ಲಿಯ ಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬರು ವ್ಯಾಯಾಮದ ಸಲಕರಣೆಗಳನ್ನು ದಾನವಾಗಿ ಕೊಟ್ಟರು. ಅದರಲ್ಲಿ ಉದ್ದನೆಯ ಹಳಿ, ಜಾರುವ ಪೀಠ, ಸರಪಳಿಗೆ ಕಟ್ಟಿದ ಹಿಡಿ, ಮುಂಭಾಗದಲ್ಲಿ ಗಾಳಿಚಕ್ರ ಇರುವ ಒಂದು ಯಂತ್ರವಿತ್ತು. ಯಾರಿಗೂ ಅದರ ಬಳಕೆ ತಿಳಿಯದೆ ಅದು ಉಗ್ರಾಣದ ಪಕ್ಕದ ಕೋಣೆ ಸೇರಿತು. ನನ್ನನ್ನು ಕರೆಸಿದರು. ಕುಳಿತು ಹಿಡಿಯನ್ನು ಎಳೆದ ಮೊದಲ ಎಳೆತಕ್ಕೇ ನನ್ನ ಭುಜಗಳಿಗೆ ಗುರುತು ಸಿಕ್ಕಿತು: ಇದು ಹುಟ್ಟು ಹಾಕುವ ಯಂತ್ರ. ಬೋರಿನ ನೀರು ಪಾತಾಳಕ್ಕಿಳಿದ, ಮಳೆಯ ನೆಚ್ಚಿಕೆಯಿಲ್ಲದ ಜಗಳೂರಿನಲ್ಲಿ, ದೋಣಿಯನ್ನು ಚಿತ್ರದಲ್ಲಿ ಮಾತ್ರ ಕಂಡ ಮಕ್ಕಳ ನಡುವೆ, ಅರವತ್ತಮೂರನೆಯ ವಯಸ್ಸಿನಲ್ಲಿ ನಾನು ಮತ್ತೆ ಹುಟ್ಟು ಹಿಡಿದೆ. ಗಾಳಿಚಕ್ರದ ಸದ್ದು ಕಣದಲ್ಲಿ ರಾಶಿ ತೂರುವಾಗಿನ ಗಾಳಿಯಂತಿತ್ತು. ಹುಡುಗರು ಅದಕ್ಕೆ 'ದೋಣಿ ಕುರ್ಚಿ' ಎಂದು ಹೆಸರಿಟ್ಟರು.

ಈ ಯಂತ್ರದ ಪೂರ್ವೋತ್ತರವನ್ನು ಆಮೇಲೆ ತಿಳಿದುಕೊಂಡೆ. ಅಮೆರಿಕದ ವರ್ಮಾಂಟ್ ಪ್ರಾಂತದ ಡ್ರೈಸಿಗಾಕರ್ ಸಹೋದರರು, ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದಾಗಲೂ ಅಭ್ಯಾಸ ನಿಲ್ಲಬಾರದೆಂದು, ಸೈಕಲ್ಲಿನ ಚಕ್ರಕ್ಕೆ ರೆಕ್ಕೆಗಳನ್ನು ಕಟ್ಟಿ ೧೯೮೧ರಲ್ಲಿ ಇದರ ಮೊದಲ ರೂಪವನ್ನು ಮಾರಾಟಕ್ಕೆ ತಂದರು. ಅಲ್ಲಿ ಹಿಮ, ಇಲ್ಲಿ ಬರ. ನೀರು ಸಿಗದವರ ಉಪಾಯವೆಂಬುದು ಎರಡೂ ಕಡೆ ಒಂದೇ. ಗಾಳಿಚಕ್ರದ ಪಕ್ಕದಲ್ಲಿ ಒಂದರಿಂದ ಹತ್ತರವರೆಗೆ ಅಂಕಿಗಳಿರುವ ಸನ್ನೆಯೊಂದಿದೆ. ಹುಡುಗರೆಲ್ಲ ಬಂದವರೇ ಅದನ್ನು ಹತ್ತಕ್ಕೆ ಇಡುವರು, ಹೆಚ್ಚು ಅಂಕಿಯೆಂದರೆ ಹೆಚ್ಚು ಶೌರ್ಯವೆಂದು. ಅದು ಬರಿಯ ಗಾಳಿಯ ಕಿಂಡಿ, ನಾಲ್ಕೈದರಲ್ಲಿಟ್ಟರೆ ಸಾಕು ಎಂದು ತಿಳಿಸುವುದರಲ್ಲೇ ಒಂದು ವರ್ಷ ಕಳೆಯಿತು. ಇನ್ನೊಂದು ವಿಷಯ: ಹರಿಗೋಲಿನಲ್ಲಿ ನಾವು ಹೋಗುವ ದಡಕ್ಕೆ ಮುಖಮಾಡಿ ಕೂರುತ್ತೇವೆ, ಕೆಲಸವೆಲ್ಲ ತೋಳಿನದು. ಪಂದ್ಯದ ದೋಣಿಯಲ್ಲಿ ಬಿಟ್ಟ ದಡಕ್ಕೆ ಮುಖ, ಹೋಗುವ ದಡಕ್ಕೆ ಬೆನ್ನು. ಕೆಲಸದ ಹೆಚ್ಚಿನ ಪಾಲು ಕಾಲುಗಳದು. ಐವತ್ತು ವರ್ಷದ ಕೈಯ ಪಾಠವನ್ನು ಮರೆಯಲು ನನಗೆ ಆರು ತಿಂಗಳು ಹಿಡಿಯಿತು.

ಮಕ್ಕಳಿಗೆ ನಾನು ದತ್ತು ಬಬನ್ ಭೋಕನಾಳರ ಕಥೆಯನ್ನು ಹೇಳುತ್ತಿದ್ದೆ. ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ಬರದ ಸೀಮೆಯವರು. ತಂದೆಯೊಡನೆ ಬಾವಿ ತೋಡುವ ಕೆಲಸ ಮಾಡಿದವರು. ೨೦೧೨ರಲ್ಲಿ ಸೈನ್ಯಕ್ಕೆ ಸೇರಿದ ಮೇಲೆಯೇ ದೋಣಿಯ ಪಂದ್ಯವನ್ನು ಕಲಿತು, ೨೦೧೬ರ ರಿಯೋ ಒಲಿಂಪಿಕ್ಸಿನಲ್ಲಿ ೧೩ನೆಯ ಸ್ಥಾನ ಪಡೆದರು. ೨೦೧೮ರ ಏಷ್ಯನ್ ಕ್ರೀಡೆಗಳಲ್ಲಿ ನಾಲ್ವರ ದೋಣಿಯಲ್ಲಿ ಸ್ವರ್ಣಪದಕ. ಬಾವಿ ತೋಡಿಯೂ ನೀರು ಕಾಣದ ಊರಿನಿಂದ ಒಬ್ಬನು ನೀರಿನ ಮೇಲೆ ಅಷ್ಟು ದೂರ ಹೋದನೆಂಬುದನ್ನು ಜಗಳೂರಿನ ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು.

ಪಂದ್ಯದ ದೂರ ೨೦೦೦ ಮೀಟರ್. ನನ್ನ ಮೊದಲ ಕಾಲ ೧೦ ನಿಮಿಷ ೪೨ ಸೆಕೆಂಡು. ವಿಧಾನ ಕೈಗೆ ಹತ್ತಿದಂತೆ ಕಾಲ ಇಳಿಯಿತು. ೨೦೧೭ರ ಡಿಸೆಂಬರಿನಲ್ಲಿ ೯ ನಿಮಿಷ ೩೧ ಸೆಕೆಂಡು. ಅರವತ್ತುನಾಲ್ಕನೆಯ ವಯಸ್ಸಿನಲ್ಲಿ ಸಂಭ್ರಮಪಡುವಂಥದೇ. ಆದರೆ ಅದೇ ನನ್ನ ಶಿಖರವೆಂದು ಆಗ ತಿಳಿಯಲಿಲ್ಲ. ಶಿಖರವನ್ನು ಇಳಿಯಲು ತೊಡಗಿದ ಮೇಲೆಯೇ ಗುರುತಿಸಲು ಸಾಧ್ಯ. ಮರುವರ್ಷ ೯ ನಿಮಿಷ ೩೬. ೨೦೧೯ರಲ್ಲಿ ೯ ನಿಮಿಷ ೪೦. ೨೦೨೦ರ ಮಾರ್ಚಿನಿಂದ ಮಹಾಮಾರಿಯ ದೆಸೆಯಿಂದ ಶಾಲೆ ಮುಚ್ಚಿ, ಕೋಣೆಗೆ ಬೀಗ ಬಿದ್ದು, ೨೦೨೧ರ ಕೊನೆಗೆ ಮತ್ತೆ ಕುಳಿತಾಗ ೯ ನಿಮಿಷ ೫೨.

ಈ ಇಳಿತದಲ್ಲಿ ಒಂದು ಗಣಿತವಿದೆ. ಗಾಳಿಚಕ್ರಕ್ಕೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಎಂಟು ಮಡಿಯಾಗಬೇಕು. ೨೦೦೦ ಮೀಟರನ್ನು ಹತ್ತು ನಿಮಿಷದಲ್ಲಿ ಮುಗಿಸಲು ಸರಾಸರಿ ೧೦೪ ವ್ಯಾಟ್ ಶಕ್ತಿ ಸಾಕು. ಒಂಬತ್ತೂವರೆ ನಿಮಿಷಕ್ಕೆ ೧೨೧ ವ್ಯಾಟ್ ಬೇಕು. ಅರ್ಧ ನಿಮಿಷ ಉಳಿಸಲು ಹದಿನೇಳು ವ್ಯಾಟಿನ ತೆರಿಗೆ. ಯುವಕರಿಗೆ ಇದು ಕ್ರೂರ ನಿಯಮ. ಆದರೆ ಮುದುಕರಿಗೆ ಇದೇ ನಿಯಮ ದಯಾಳು. ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲು ಕುಸಿದರೂ ಹತ್ತು ನಿಮಿಷದ ಕಾಲ ಏರುವುದು ಸುಮಾರು ೨೧ ಸೆಕೆಂಡು ಮಾತ್ರ. ವಯಸ್ಸು ದೇಹದಿಂದ ಕೊಂಡೊಯ್ಯುವುದೆಲ್ಲವನ್ನೂ ಯಂತ್ರದ ಗಡಿಯಾರ ಬಯಲುಮಾಡುವುದಿಲ್ಲ. ಕೊಂಡೊಯ್ಯುವುದೂ ಕ್ರಮವಾಗಿಯೇ. ಹೃದಯದ ಗರಿಷ್ಠ ಬಡಿತ ಹತ್ತು ವರ್ಷಕ್ಕೆ ಸುಮಾರು ಏಳರಂತೆ ಇಳಿಯುತ್ತದೆ. ಚುರುಕಿನ ಓಟಕ್ಕೆ ಬೇಕಾದ ಸ್ನಾಯುತಂತುಗಳು ಮೊದಲು ಸೊರಗುತ್ತವೆ, ದಮ್ಮಿನ ಕೆಲಸಕ್ಕೆ ಬೇಕಾದವು ಹೆಚ್ಚು ಕಾಲ ಬಾಳುತ್ತವೆ. ಹಳ್ಳಿಯ ಮುದುಕ ಓಡಲಾರ, ಆದರೆ ದಿನವಿಡೀ ಕಳೆ ತೆಗೆಯಬಲ್ಲ.

ಇಂಥ ಪಂದ್ಯಗಳಲ್ಲಿ ಹಿರಿಯರಿಗೆ ಐದೈದು ವರ್ಷದ ತರಗತಿಗಳಿವೆ. ೨೦೧೮ರಲ್ಲಿ ನನಗೆ ಅರವತ್ತೈದು ತುಂಬಿದಾಗ, ದಾವಣಗೆರೆಯಲ್ಲಿ ಓದುತ್ತಿದ್ದ ಮೊಮ್ಮಗ ಅದನ್ನು ಹುಡುಕಿ ತೆಗೆದು, "ಅಜ್ಜಾ, ಇನ್ನು ಹೊಸ ಪುಟ. ಈ ತರಗತಿಯಲ್ಲಿ ನೀನೇ ಚಿಕ್ಕವನು" ಎಂದ. ಹತ್ತನೆಯ ತರಗತಿ ಮುಗಿಸಿದವನನ್ನು ಮತ್ತೆ ಒಂದನೆಯ ತರಗತಿಗೆ ಸೇರಿಸಿದ ಹಾಗಾಯಿತು. ನನಗೆ ಒಪ್ಪಿಗೆಯಾಗಲಿಲ್ಲ. ಹಳೆಯ ದಾಖಲೆ ಕೈಗೆ ಸಿಗದಿದ್ದಾಗ ಹೊಸ ಪುಟ ತೆರೆಯುವುದು ಗಡಿಯಾರವನ್ನೇ ತಿದ್ದಿದಂತಲ್ಲವೆ? ೯ ನಿಮಿಷ ೩೧ ಎಂದು ಕೆಂಪು ಶಾಯಿಯಲ್ಲಿ ಬರೆದದ್ದು ಪುಸ್ತಕದ ಒಳಹೊದಿಕೆಯಲ್ಲಿ ಹಾಗೆಯೇ ಉಳಿಯಿತು. ಪ್ರತಿ ತಿಂಗಳೂ ಅದರೊಡನೆಯೇ ನನ್ನ ಸೆಣಸಾಟ.

ಈಗ ಆ ಸುಳ್ಳಿನ ವಿಷಯ. ೨೦೨೨ರ ಆಗಸ್ಟಿನಲ್ಲಿ ನನ್ನ ಕಾಲ ೯ ನಿಮಿಷ ೫೮ ಇತ್ತು. ಕೋಣೆಯ ಗೋಡೆಯ ಮೇಲೆ ವಿದ್ಯಾರ್ಥಿಗಳ ಕಾಲಗಳೊಂದಿಗೆ ನನ್ನದನ್ನೂ ಬರೆದು ಅಂಟಿಸುವ ವಾಡಿಕೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ದಾಟಿ ಹೋದಾಗ ನಾನೇ ಚಪ್ಪಾಳೆ ತಟ್ಟಿದ್ದೆ. ಅಕ್ಟೋಬರಿನಲ್ಲಿ ಕುಳಿತಾಗ ಅರ್ಧ ದೂರಕ್ಕೇ ದವಡೆಯಲ್ಲಿ ಏನೋ ಸೆಳೆತ, ಉಸಿರು ಸಾಲದು. ಎಂಟನೆಯ ತರಗತಿಯ ಹುಡುಗನೊಬ್ಬ ಫಲಕವನ್ನು ನೋಡಿ ಕಾಲ ಓದುವ ಕೆಲಸಕ್ಕೆ ನಿಂತಿದ್ದ. "ಹತ್ತು ಹನ್ನೊಂದು ಸಾರ್" ಎಂದ. ನಾನು ಪುಸ್ತಕ ತೆಗೆದು ೧೦ ನಿಮಿಷ ೧ ಸೆಕೆಂಡು ಎಂದು ಬರೆದೆ. ಗೋಡೆಗೂ ಅದನ್ನೇ ಬರೆದೆ. ಹುಡುಗ ಒಮ್ಮೆ ಪುಸ್ತಕವನ್ನು ನೋಡಿದ, ಆಮೇಲೆ ಕಿಟಕಿಯ ಕಡೆ ನೋಡಿದ. ಏನೂ ಹೇಳಲಿಲ್ಲ.

ಏಕೆ ಹಾಗೆ ಮಾಡಿದೆನೆಂದು ಹಲವು ಸಲ ಯೋಚಿಸಿದ್ದೇನೆ. ಬಹುಮಾನವಿರಲಿಲ್ಲ, ಪ್ರತಿಸ್ಪರ್ಧಿ ಇರಲಿಲ್ಲ. ಎರಡು ತಿಂಗಳಲ್ಲಿ ಹದಿಮೂರು ಸೆಕೆಂಡು ಕುಸಿದವನು ನಾನಲ್ಲವೆಂದು ನನಗೇ ಹೇಳಿಕೊಳ್ಳಬೇಕಾಗಿತ್ತು, ಅಷ್ಟೇ ಎಂದು ತೋರುತ್ತದೆ.

ನವೆಂಬರಿನಲ್ಲಿ ೧೦ ನಿಮಿಷ ೨೪. ಡಿಸೆಂಬರಿನಲ್ಲಿ ೧೦ ನಿಮಿಷ ೪೧. ಇವನ್ನು ಮರೆಮಾಚುವುದು ಸಾಧ್ಯವಾಗಲಿಲ್ಲ. ಐದು ವರ್ಷಗಳಲ್ಲಿ ಇಪ್ಪತ್ತೇಳು ಸೆಕೆಂಡು ಜಾರಿದ್ದ ಕಾಲ ನಾಲ್ಕೇ ತಿಂಗಳಲ್ಲಿ ನಲವತ್ತಮೂರು ಸೆಕೆಂಡು ಜಾರಿತ್ತು. ಅದನ್ನು ಶಕ್ತಿಗೆ ತಿರುಗಿಸಿ ಲೆಕ್ಕ ಹಾಕಿದಾಗ ೧೦೫ ವ್ಯಾಟ್ ಇದ್ದದ್ದು ೮೫ಕ್ಕೆ ಇಳಿದಿತ್ತು. ಐದರಲ್ಲೊಂದು ಪಾಲು ಹೋಗಿತ್ತು. ವಯಸ್ಸು ಇಷ್ಟು ಅವಸರದಲ್ಲಿ ನಡೆಯುವುದಿಲ್ಲವೆಂದು ಹಿಂದಿನ ನಲವತ್ತನಾಲ್ಕು ವರ್ಷಗಳ ಪುಟಗಳೇ ಹೇಳುತ್ತಿದ್ದುವು. ಪತ್ನಿ ಬೇರೆ ಲೆಕ್ಕದಿಂದ ಅದೇ ಉತ್ತರಕ್ಕೆ ಬಂದಿದ್ದಳು. "ಏನ್ರೀ, ಸಂತೆಯಿಂದ ಬರುವಾಗ ಎರಡು ಕಡೆ ನಿಂತಿರಿ. ಮೊದಲು ನಿಲ್ಲುತ್ತಿರಲಿಲ್ಲ" ಎಂದಳು. ಮಗಳು ದಾವಣಗೆರೆಯಿಂದ ಬಂದು ಕರೆದೊಯ್ದಳು.

ವೈದ್ಯರು ಕಿರಿಯ ವಯಸ್ಸಿನವರು. ಎಂದಿನಿಂದ ಹೀಗಾಗುತ್ತಿದೆಯೆಂದು ಕೇಳಿದರು. ರೋಗಿಗಳು ಸಾಮಾನ್ಯವಾಗಿ 'ಈಚೆಗೆ' ಎನ್ನುತ್ತಾರಂತೆ. ನಾನು ಪುಸ್ತಕವನ್ನೇ ಮುಂದಿಟ್ಟೆ. ಅವರು ಸಂತೋಷದಿಂದ ಬೆರಳಿಟ್ಟು ಓದುತ್ತ, "ಆಗಸ್ಟ್ ೯-೫೮, ಅಕ್ಟೋಬರ್ ೧೦-೦೧. ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದಿರಿ. ನವೆಂಬರಿನಲ್ಲಿ ತಟ್ಟನೆ ಬಿದ್ದಿದೆ" ಎಂದರು. ತೊಂದರೆ ತಟ್ಟನೆ ಬಂದದ್ದೋ ಮೆಲ್ಲಗೆ ಬೆಳೆದದ್ದೋ ಎಂಬುದರ ಮೇಲೆ ತಮ್ಮ ಮುಂದಿನ ಕ್ರಮ ನಿಂತಿದೆಯೆಂದೂ ವಿವರಿಸಿದರು. ಪತ್ನಿಯೂ ಮಗಳೂ ಪಕ್ಕದಲ್ಲಿದ್ದರು. ನನ್ನ ಬಾಯಿ ಒಣಗಿತು. "ಡಾಕ್ಟರೇ, ಅಕ್ಟೋಬರಿನದು ಹತ್ತು ಹನ್ನೊಂದು. ನಾನು ತಪ್ಪು ಬರೆದಿದ್ದೇನೆ" ಎಂದೆ. "ಕೈತಪ್ಪಿತೋ?" ಎಂದರು. "ಇಲ್ಲ, ತಿಳಿದೇ ಬರೆದೆ." ಮಗಳು, "ಅಪ್ಪಾಜಿ!" ಎಂದಳು, ಅಷ್ಟೇ. ವೈದ್ಯರು ನಗಲೂ ಇಲ್ಲ, ಗದರಲೂ ಇಲ್ಲ. ತಮ್ಮ ಲೇಖನಿಯಿಂದ ಆ ಅಂಕಿಯ ಮೇಲೆ ಗೆರೆ ಎಳೆದು ಸರಿಯಾದುದನ್ನು ಬರೆದರು. ಆ ಪುಸ್ತಕದಲ್ಲಿ ಅಂದಿನವರೆಗೆ ನನ್ನದಲ್ಲದ ಅಕ್ಷರವೆಂದರೆ ಅದೊಂದೇ.

ಪರೀಕ್ಷೆಗಳಾದುವು. ಹೃದಯದ ಒಂದು ರಕ್ತನಾಳ ಬಹುಮಟ್ಟಿಗೆ ಮುಚ್ಚಿತ್ತು. ೨೦೨೩ರ ಜನವರಿಯಲ್ಲಿ ಅದನ್ನು ಅಗಲಿಸಿ ಸ್ಟೆಂಟ್ ಹಾಕಿದರು. ಕೆಲವು ವಾರ ನಡಿಗೆ ಮಾತ್ರ; ಮೇ ತಿಂಗಳಲ್ಲಿ, ನಾಡಿಯ ಮಿತಿಯನ್ನು ಗೊತ್ತುಮಾಡಿ ಮತ್ತೆ ಯಂತ್ರದ ಮೇಲೆ ಕೂರಲು ಅನುಮತಿ ಕೊಟ್ಟರು. ಈಗ ನುಂಗುವ ಮಾತ್ರೆಗಳಲ್ಲಿ ಒಂದು ನಾಡಿಯನ್ನು ಏರಗೊಡುವುದಿಲ್ಲ. ಮನಸ್ಸು ಎಷ್ಟು ಹುರುಪುಗೊಂಡರೂ ಹೃದಯ ತನ್ನ ಹೆಜ್ಜೆಯನ್ನು ಬದಲಿಸದು. ೯ ನಿಮಿಷ ೩೧ ಇನ್ನು ಬರುವುದಿಲ್ಲ. ಬರಬಾರದು ಕೂಡ.

ಆ ದಿನಗಳಲ್ಲಿ ಮೊಮ್ಮಗ ನನಗೆ ಇಬ್ಬರ ವಿಷಯವನ್ನು ಓದಿ ಹೇಳಿದ. ಫ್ರಾನ್ಸಿನ ರಾಬೇರ್ ಮಾರ್ಷಾಂ ಎಂಬವರು ನೂರನೆಯ ವಯಸ್ಸಿನಲ್ಲಿ, ೨೦೧೨ರಲ್ಲಿ, ಒಂದು ಗಂಟೆಯಲ್ಲಿ ಸೈಕಲ್ ತುಳಿದ ದೂರ ೨೪ ಕಿಲೋಮೀಟರಿಗೆ ತುಸು ಹೆಚ್ಚು. ಎರಡು ವರ್ಷದ ಮೇಲೆ, ನೂರೆರಡರಲ್ಲಿ, ಅದು ಸುಮಾರು ೨೭ ಕಿಲೋಮೀಟರಾಯಿತು. ೨೦೧೭ರಲ್ಲಿ, ನೂರೈದರಲ್ಲಿ, ೨೨.೫ಕ್ಕೆ ಇಳಿಯಿತು. ಅವರು ಮೂರನ್ನೂ ಬರೆಯಿಸಿದರು, ಕೊನೆಯದನ್ನು ಮುಚ್ಚಿಡಲಿಲ್ಲ. ಇನ್ನೊಬ್ಬರು ಐರ್ಲೆಂಡಿನ ರಿಚರ್ಡ್ ಮಾರ್ಗನ್. ಬೇಕರಿಯಲ್ಲಿ ಕೆಲಸ ಮಾಡಿದವರು. ವ್ಯಾಯಾಮವೆಂಬುದನ್ನು ಆರಂಭಿಸಿದ್ದೇ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಅದೂ ಇದೇ ಹುಟ್ಟಿನ ಯಂತ್ರದ ಮೇಲೆ. ತೊಂಬತ್ತಮೂರರ ಹೊತ್ತಿಗೆ ತಮ್ಮ ವಯಸ್ಸಿನ ತರಗತಿಯಲ್ಲಿ ನಾಲ್ಕು ಸಲ ವಿಶ್ವವಿಜೇತರು. ವಿಜ್ಞಾನಿಗಳು ಪರೀಕ್ಷಿಸಿದಾಗ ಅವರ ಹೃದಯ ನಿಮಿಷಕ್ಕೆ ೧೫೩ ಸಲ ಬಡಿಯಿತಂತೆ. ಆ ವಯಸ್ಸಿಗೆ ಸೂತ್ರ ಹೇಳುವ ಗರಿಷ್ಠ ೧೪೩. ಅವರಿಗೆ ಎಪ್ಪತ್ತರ ಹಿಂದಿನ ದಾಖಲೆಯೆಂಬುದೇ ಇರಲಿಲ್ಲ. ಸೆಣಸಲು ಹಳೆಯ ಕೆಂಪು ಶಾಯಿ ಇರಲಿಲ್ಲ. ಅವರ ವಿಷಯದಲ್ಲಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ಕೊನೆಗೆ ಮೊಮ್ಮಗನ ಮಾತಿಗೆ ಮಣಿದು ಹೊಸ ಪುಟ ತೆರೆದೆ. ಮೇಲ್ಭಾಗದಲ್ಲಿ 'ಮಾತ್ರೆಯ ನಂತರ' ಎಂದು ಬರೆದಿದೆ. ಹಳೆಯ ಪುಟವನ್ನು ಹರಿಯಲಿಲ್ಲ; ಒಂದನ್ನೊಂದು ಹೋಲಿಸುವುದೂ ಇಲ್ಲ. ಶಾಲೆ ತೆರೆದ ಮೇಲೆ ಆ ಹುಡುಗನನ್ನು ಕೋಣೆಗೆ ಕರೆದು, ಗೋಡೆಯ ಹಾಳೆಯನ್ನು ಅವನೆದುರಿಗೇ ತಿದ್ದಿದೆ. "ಅಂದು ನೀನು ಓದಿದ್ದೇ ಸರಿ" ಎಂದೆ. ಅವನು ಸಂಕೋಚದಿಂದ, "ನನಗೇ ತಪ್ಪು ಕಾಣಿಸಿತೇನೋ ಅಂದುಕೊಂಡಿದ್ದೆ ಸಾರ್" ಎಂದ. ಮೇಷ್ಟ್ರು ಸುಳ್ಳು ಬರೆಯಲಾರರೆಂದು ತನ್ನ ಕಣ್ಣನ್ನೇ ಏಳು ತಿಂಗಳು ಅನುಮಾನಿಸಿದ್ದನಂತೆ. ನ್ಯಾಮತಿಯ ಬೇವಿನ ಮರದ ಬುಡದ ಹುಡುಗ ಅಂದು ರಾತ್ರಿ ಬಹಳ ಹೊತ್ತು ನೆನಪಿಗೆ ಬರುತ್ತಿದ್ದ.

ಆ ಹುಡುಗ ಈಗ ಪದವಿಪೂರ್ವ ತರಗತಿಯಲ್ಲಿದ್ದಾನೆ. ತಿಂಗಳಿಗೊಮ್ಮೆ ಬರುತ್ತಾನೆ. ನಾನು ಫಲಕವನ್ನು ಅವನ ಕಡೆಗೆ ತಿರುಗಿಸಿ ಕೂರುತ್ತೇನೆ. ಪುಸ್ತಕವೂ ಲೇಖನಿಯೂ ಅವನ ಕೈಯಲ್ಲಿ. ೨೦೨೫ರ ಫೆಬ್ರವರಿಯಲ್ಲಿ ೧೦ ನಿಮಿಷ ೫೬ ಇತ್ತು. ನವೆಂಬರಿನಲ್ಲಿ, ಗಾಳಿಚಕ್ರದ ಸದ್ದು ಅಡಗಿದ ಮೇಲೆ, ಅವನು ಬಾಗಿ ನೋಡಿ, "ಹತ್ತು ನಲವತ್ತೊಂಬತ್ತು ಬಿಂದು ಆರು. ಆ ಬಿಂದು ಆರನ್ನೂ ಬರೀಲಾ ಸಾರ್?" ಎಂದು ಕೇಳಿದ.

ಬರೆ ಎಂದೆ.